ಅಜ್ಜಿಯ ಕೈ ಹಿಡಿಯುವವಳು

ಅಕ್ಕ ತೀರಿಕೊಂಡ ಮೇಲೆ, ಈರುಳ್ಳಿ ಹೆಚ್ಚುವಾಗಲೆಲ್ಲ ಸಮೇತನಹಳ್ಳಿಯ ಆ ಮಧ್ಯಾಹ್ನ ನೆನಪಿಗೆ ಬರುತ್ತದೆ.

ಜಗಲಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದ ಅಜ್ಜಿಗೆ ಏಳಲು ಯಾವಾಗಲೂ ನನ್ನ ಕೈಯೇ ಬೇಕಿತ್ತು. ಅಂದು ನನ್ನನ್ನು ಕರೆಯದೆ ಎದ್ದವಳು ಕಣ್ಣು ಕತ್ತಲೆ ಬಂದು ಕುಸಿದಳು. ಮೂಸಿಸಲೆಂದು ನಾನು ಈರುಳ್ಳಿ ಜಜ್ಜಿ ತರುವಷ್ಟರಲ್ಲಿ, ನರ್ಸಿಂಗ್ ಓದುತ್ತಿದ್ದ ಅಕ್ಕ ಅವಳನ್ನು ಮಲಗಿಸಿ, ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದಳು. ಅಜ್ಜಿ ಆಗಲೇ ಕಣ್ಣು ಬಿಟ್ಟಿದ್ದಳು.

“ಎದ್ದ ತಕ್ಷಣ ರಕ್ತ ಕಾಲಿಗಿಳಿಯುತ್ತೆ ಅಜ್ಜಿ. ರಕ್ತನಾಳ ಬಿಗಿಯಾಗಿ ಅದನ್ನ ಮೇಲಕ್ಕೆ ಕಳಿಸ್ಬೇಕು. ವಯಸ್ಸಾದ್ಮೇಲೆ ಬಿಗಿಯೋದು ನಿಧಾನ, ಬಿಪಿ ಇಳಿದ್ಬಿಡುತ್ತೆ. ಒಂಚೂರು ಕೂತಿದ್ದು ಆಮೇಲೆ ಏಳು,” ಎಂದಳು ಅಕ್ಕ.

“ನೋಡಿದ್ಯೇನೇ, ಎಷ್ಟು ತಿಳ್ಕೊಂಡವ್ಳೆ!” ಎಂದು ಅಜ್ಜಿ ನನಗೇ ಹೇಳಿದಳು. ಎಬ್ಬಿಸಲು ನಾನು ಕೈ ಚಾಚಿದೆ. “ನೀನಿರು ಮಗಾ, ಓದಿರೋಳು ಹಿಡ್ಕೊಳ್ಳಲಿ,” ಎಂದಳು.

ನನ್ನ ಕಿವಿ ಬಿಸಿಯಾಯಿತು. ಕಣ್ಣೀರಿಗೆ ಈರುಳ್ಳಿಯ ನೆಪವಿತ್ತು.

ಅಜ್ಜಿಯನ್ನು ಎಬ್ಬಿಸಿ ಕೂರಿಸಿದ ಅಕ್ಕ, ಬಿಪಿ ನೋಡುವ ಪಟ್ಟಿ ಹಿಡಿದು ನಕ್ಕಳು. “ಬಾರೇ, ಮೂತಿ ಕೆಂಪಾಗಿದೆ, ನಿಂದೂ ನೋಡ್ತೀನಿ.”

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅಕ್ಕ ಪಟ್ಟಿ ಹಿಡಿದೇ ಬಹಳ ಹೊತ್ತು ಕಾದಳು.