ಓರೆ ಮೊಳೆಯ ಸ್ಯಾಂಪಲ್

ಲಗ್ಗೆರೆಯ ನಮ್ಮ ಶೆಡ್ಡಿನಲ್ಲಿ ನಾನು ಹೊಡೆದ ಮೊಳೆ ಒಮ್ಮೆ ಪೀಣ್ಯದಲ್ಲಿ ಗೋಡೆ ಸೀಳಿಕೊಂಡು ಈಚೆ ಬಂದು, ಅಲ್ಲಿ ಯಾರೋ ಅದಕ್ಕೆ ಕ್ಯಾಲೆಂಡರ್ ನೇತುಹಾಕಿದ್ದಾರೆ. ಇದು ಲಗ್ಗೆರೆಗೆಲ್ಲ ಗೊತ್ತು, ನಾನೇ ಹೇಳಿದ್ದೇನೆ. ಅಂಥ ಕೈಗೆ ಮುನಿರಾಜು ಕಳಪೆ ಮಾಲು ಕೊಡುವುದೆಂದರೆ?

ಮೊಳೆ ಹೊಡೆಯುವ ಗನ್ನಿಗೆ ತುಂಬುವ ಮೊಳೆಪಟ್ಟಿಯ ಡಬ್ಬವನ್ನು ಅವನ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮೇಲೆ ಕುಕ್ಕಿದೆ. ಆ ಸದ್ದಿಗೆ ಬಸವೇಶ್ವರನಗರದಲ್ಲಿ ಮಲಗಿದ್ದ ನಾಯಿಗಳೂ ಎದ್ದಿರಬೇಕು.

"ನಿನ್ ಮೊಳೆ ಸಿಕ್ಕಾಕ್ಕೊಂಡು ಗನ್ ಒಳಗಿನ ಪಿನ್ನೇ ಬೆಂಡಾಗಿದೆ. ಸಂಜೆ ಲಾರಿ ಬರತ್ತೆ. ಪೆಟ್ಟಿಗೆ ಯಾವನು ಹೊಡೀತಾನೆ, ನಿಮ್ಮಪ್ಪನಾ?"

ಯಂತ್ರ ಪ್ಯಾಕ್ ಮಾಡುವ ಮರದ ಪೆಟ್ಟಿಗೆಗಳ ಆ ಆರ್ಡರನ್ನು ನನ್ನ ಹೆಂಡತಿ ಶಶಿಕಲಾ ಚಪ್ಪಲಿ ಸವೆಸಿ ತಂದಿದ್ದಳು. ಆ ಕಂಪನಿಯ ಮೊದಲ ಕೆಲಸ. ಇವತ್ತು ತಪ್ಪಿದರೆ ಇನ್ನೊಂದು ಸಿಗುವುದಿಲ್ಲ. ಕೆಟ್ಟ ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಸ್ಕೂಟರಿನ ಮೇಲೆ ಕೂತಿದ್ದಳು.

ಮುನಿರಾಜುವಿಗೂ ರೇಗಿತು. ಗನ್ನಿನಲ್ಲಿ ಪಟ್ಟಿ ಕೂರುವ ಜಾಗಕ್ಕೊಂದು ಓರೆ ಇರುತ್ತದೆ, ಪಟ್ಟಿಯ ಮೊಳೆಗಳೂ ಅಷ್ಟೇ ಓರೆಯಾಗಿರಬೇಕು, ಅದಕ್ಕೇ ಎಲ್ಲರೂ ಹಳೇ ಪಟ್ಟಿಯ ತುಂಡೊಂದನ್ನು ಸ್ಯಾಂಪಲ್ಲಿಗೆ ತರುತ್ತಾರೆ. ನಿನ್ನೆ ಕೇಳಿದ್ದಕ್ಕೆ 'ನನಗೇ ಸ್ಯಾಂಪಲ್ಲಾ?' ಎಂದು ನಕ್ಕು, ಕಣ್ಣಿಗೆ ಹೊಳೆದ ಡಬ್ಬ ಎತ್ತಿಕೊಂಡು ಹೋದವರು ನೀವೇ ಎಂದು ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದ.

ಸ್ಯಾಂಪಲ್ಲನ್ನು ಶಶಿಕಲಾ ಕೊಟ್ಟೇ ಇರಲಿಲ್ಲ ಎಂದು ಗುಡುಗುತ್ತ, ಬೆವರೊರೆಸಲು ಕರ್ಚೀಫು ಎಳೆದೆ. ನಿನ್ನೆಯ ಪ್ಯಾಂಟು. ಕರ್ಚೀಫಿನ ಜೊತೆ ಹಳೇ ಪಟ್ಟಿಯ ತುಂಡು ಅವನ ಮುಂದೆಯೇ ಬಿತ್ತು. ಅದನ್ನೆತ್ತಿ ಹೊಸ ಪಟ್ಟಿಯ ಪಕ್ಕ ಇಟ್ಟ. ಹಳೆಯ ಮೊಳೆಗಳು ಗಾಳಿಗೆ ಬಾಗಿದಂತಿದ್ದವು, ಹೊಸವು ಪಿ.ಟಿ. ಮಾಸ್ತರರಂತೆ ಹೆಚ್ಚುಕಮ್ಮಿ ನೆಟ್ಟಗೆ.

ಶಶಿಕಲಾ ಒಳಗೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ.

"ನಿನ್ನೆ ನಾನೇ ಜೇಬಿಗೆ ಹಾಕಿದ್ದೆ. ಯಾಕ್ರೀ ತೋರಿಸ್ಲಿಲ್ಲ?"

"ತೋರಿಸಿದ್ರೆ ನಂಗೆ ಗೊತ್ತಿಲ್ಲ ಅಂತ ಗೊತ್ತಾಗ್ತಿತ್ತು."

ಅವಳು ಬಿಡಿ ಮೊಳೆಯನ್ನೂ ಒಂದು ಸುತ್ತಿಗೆಯನ್ನೂ ಕೊಂಡಳು. ಸುತ್ತಿಗೆಯನ್ನು ನನ್ನ ಕೈಗೆ ತುರುಕಿ, "ಪೀಣ್ಯದವರೆಗೆ ಹೊಡೆದ ಕೈ ಅಲ್ವಾ? ಲಾರಿ ಬರೋದ್ರೊಳಗೆ ಹೊಡೀರಿ" ಎಂದಳು.

ಇಡೀ ಅಂಗಡಿ ಸುತ್ತಿಗೆಯನ್ನೇ ನೋಡುತ್ತಿತ್ತು. ನಾನು ಅದನ್ನು ಮೆಲ್ಲಗೆ ಅವಳಿಗೆ ವಾಪಸು ಕೊಟ್ಟು ಮುನಿರಾಜುವಿನ ಕಡೆ ತಿರುಗಿದೆ.

"ಹೊಡೆಯೋದೆಲ್ಲ ಇವಳೇ ಕಣಪ್ಪಾ. ನಾನು ಹಲಗೆ ಹಿಡ್ಕೊಳ್ಳೋನು."