ಆಚೆ ದಡದ ಫೋಟೋ

ಆಫೀಸಿನಲ್ಲಿ ಮುಗಿಯದ ಫೈಲು... ಮನೆಗೆ ಬಂದರೆ ಶುಗರ್ ಮಾತ್ರೆ...

ಹಂಚಿನಾಳ ಸಾಹೇಬರಿಗೆ ಬದುಕೇ ಸಾಕಾಗಿ ಹೋಗಿತ್ತು.

ಡಾಕ್ಟರು ವಾಕಿಂಗ್ ಮಾಡಿ ಅಂದರು. ಬರಿಗೈಯಲ್ಲಿ ನಡೆಯಲು ಬೇಜಾರು... ಅದಕ್ಕೆ ಕೊರಳಿಗೊಂದು ಕ್ಯಾಮೆರಾ ಹಾಕಿಕೊಂಡರು.

ದಿನಾ ಬೆಳಿಗ್ಗೆ ಧಾರವಾಡದ ಅಂಚಿನ ಒಂದು ಕೆರೆ. ಬೇಲಿಯ ಮೇಲಿನ ಹಾಗಲ ಹೂವು, ತಂತಿ ಮೇಲೆ ಕೂತ ಮಿಂಚುಳ್ಳಿ, ಜೇಡರ ಬಲೆಯ ಇಬ್ಬನಿ...

ತೆಗೆದದ್ದಕ್ಕೆ "ಶುಭೋದಯ" ಅಂತ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು. ಗ್ರೂಪಿನವರು ಸರಿಯಾಗಿ ನೋಡದೆಯೇ ಒಂದು ಹೆಬ್ಬೆರಳು ಎತ್ತುವುದು. ಅಷ್ಟೇ ವ್ಯವಹಾರ.

ಕೆರೆಯಲ್ಲಿ ಅವರಿಗಿದ್ದ ಒಂದೇ ತೊಂದರೆ... ಎಮ್ಮೆ ಮೈ ತೊಳೆಯಲು ಬರುತ್ತಿದ್ದ ಒಬ್ಬ ಮುದುಕ.

ಎಮ್ಮೆ ಬಂದರೆ ಅದರ ಹಿಂದೆ ಬೆಳ್ಳಕ್ಕಿ ಬರುತ್ತಿತ್ತು. ಸಾಹೇಬರಿಗೆ ಬೆಳ್ಳಕ್ಕಿ ಬೇಕು, ಎಮ್ಮೆ ಬೇಡ. ಮುದುಕನಂತೂ ಬೇಡವೇ ಬೇಡ!

ಕಣ್ಣಿಂದ ಕ್ಯಾಮೆರಾ ಇಳಿಸದೆ ಕೈ ಬೀಸುತ್ತಿದ್ದರು... ಆ ಕಡೆ ಸರಿ... ಇನ್ನೂ ಆ ಕಡೆ...

ಮುದುಕ ಒಮ್ಮೆಯೂ ಸಿಟ್ಟಾಗಲಿಲ್ಲ. ಎದುರು ದಡಕ್ಕೆ ಹೋಗಿ, ರುಮಾಲು ಸರಿ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದ. ಫೋಟೋ ತೆಗೆದಾದ ಮೇಲೆ ದೂರದಿಂದಲೇ ಕೈ ಮುಗಿಯುತ್ತಿದ್ದ.

ಆಮೇಲೆ ಕೆಲವು ದಿನ ಆತ ಬರಲಿಲ್ಲ. ಸದ್ಯ, ಪೀಡೆ ತಪ್ಪಿತು ಅಂದುಕೊಂಡರು ಸಾಹೇಬರು. ಆದರೆ ಬೆಳ್ಳಕ್ಕಿಯೂ ಬರಲಿಲ್ಲ.

ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಒಬ್ಬ ಅಜ್ಜಿ ಕಾಯುತ್ತಿದ್ದಳು. ಬರಿಗೊರಳು.

"ಫೋಟೋದ ಸಾಹೇಬ್ರು ನೀವ ಏನ್ರಿ? ಇಲ್ಲಿ ಎಮ್ಮಿ ತೊಳ್ಯಾಕ ಬರ್ತಿದ್ರಲ್ಲ... ಅವರ ಮನಿಯಾಕಿರಿ ನಾನು, ನೀಲವ್ವ. ಅವರು ಹೋಗಿಬಿಟ್ರು..."

ಸಾಹೇಬರು ಕಣ್ಣಿಂದ ಕ್ಯಾಮೆರಾ ಇಳಿಸಿದರು.

"ನಾಳೆ ಅವರ ದಿನದ ಕಾರ್ಯ ಐತ್ರಿ. ಮಾಲಿ ಹಾಕಾಕ ಮನ್ಯಾಗ ಒಂದ ಫೋಟೋ ಇಲ್ಲ. ಆಧಾರ್ ಕಾರ್ಡಿನ್ಯಾಗಿಂದು ನೋಡಿ ಮೊಮ್ಮಕ್ಕಳು, ಇವ ನಮ್ಮಜ್ಜ ಅಲ್ಲ ಅಂತಾವು... ನಿಮ್ಮ ಕಡೆ ಇರೋದ್ರಾಗ ಒಂದು ಕೊಡ್ರಿ."

"ನಾ ಬರೇ ಹಕ್ಕೀದು ತಗೀತೇನಿ ಯವ್ವಾ... ಅವರದು ನನ್ನ ಕಡೆ ಎಲ್ಲಿಂದ ಬರಬೇಕು?"

"ಹಂಗ್ಯಾಕಂತೀರಿ? ದಿನಾ ಮನಿಗೆ ಬಂದು ಹೇಳ್ತಿದ್ರಲ್ರಿ... ಸಾಹೇಬ್ರು ಇವತ್ತೂ ನಂದು ಫೋಟೋ ತಗದ್ರು, ಅಲ್ಲಿ ನಿಲ್ಲು, ಇಲ್ಲಿ ನಿಲ್ಲು ಅಂತ ಕೈ ಮಾಡಿ ಚಂದಾಗಿ ನಿಲ್ಲಸ್ತಾರ ಅಂತ. ಅದಕ್ಕಂತನ ದಿನಾ ಒಗದ ರುಮಾಲ ಸುತ್ಕೊಂಡು ಬರ್ತಿದ್ರು."

ಸಾಹೇಬರು ಅಲ್ಲೇ ಕಲ್ಲಿನ ಮೇಲೆ ಕೂತು ಕ್ಯಾಮೆರಾದಲ್ಲಿ ಹುಡುಕತೊಡಗಿದರು.

ಹಕ್ಕಿ... ಹೂವು... ಮತ್ತೆ ಹಕ್ಕಿ... ಒಂದು ಕಡೆ ಎಮ್ಮೆಯ ಕೋಡು... ಇಷ್ಟು ಫೋಟೋದಲ್ಲಿ ಒಂದೇ ಒಂದು ಮನುಷ್ಯನ ಮುಖ ಇಲ್ಲ.

ಮತ್ತೆ ಮೊದಲಿನಿಂದ ಹುಡುಕಿದರು. ಇಷ್ಟು ವರ್ಷ ದುಡಿದ ದಣಿವು ಒಂದು ತೂಕ, ಆ ಹೊತ್ತಿನ ದಣಿವೇ ಒಂದು ತೂಕ.

ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ನೀಲವ್ವ ತಟ್ಟನೆ ಅವರ ಕೈ ಹಿಡಿದಳು.

"ತಡೀರಿ ತಡೀರಿ... ಅದನ್ನ ತಿರುವಿ ಹಿಡೀರಿ."

ಕ್ಯಾಮೆರಾ ತಲೆಕೆಳಗು ಮಾಡಿದರು.

ಬೆಳ್ಳಕ್ಕಿಯ ಫೋಟೋ ಅದು. ಆಚೆ ದಡದಲ್ಲಿ ನಿಂತ ಮುದುಕ ಫೋಟೋದಿಂದ ಹೊರಗೇ ಉಳಿದಿದ್ದ... ಆದರೆ ಅಲುಗದ ನೀರಿನಲ್ಲಿ ಆತನ ಪ್ರತಿಬಿಂಬ ಪೂರ್ತಿ ಮೂಡಿತ್ತು.

ಒಗೆದ ರುಮಾಲು, ಬಿಳಿ ಮೀಸೆ... ಬಾಯ್ತುಂಬ ನಗು.

"ಹಿಂಗ ನೋಡ್ರಿ ಅವರು ನಗೋದು!" ಅಂದಳು ನೀಲವ್ವ. ಇಬ್ಬರೂ ಅತ್ತರು.

ಅವತ್ತು ಸಾಹೇಬರು ಆಫೀಸಿಗೆ ರಜೆ ಹಾಕಿ, ಆಕೆಯನ್ನು ಕರೆದುಕೊಂಡು ಸ್ಟುಡಿಯೋಗೆ ಹೋದರು. ಅಷ್ಟು ಫೋಟೋ ತೆಗೆದವರು ಮೊದಲ ಸಲ ಹಕ್ಕಿಯನ್ನು ಕತ್ತರಿಸಿ ಮನುಷ್ಯನನ್ನು ಉಳಿಸಿಕೊಂಡರು.

"ಕೆಳಗ ಹೆಸರು ಬರಸಬೇಕು ಯವ್ವಾ... ಏನಂತ?" ಹೆಸರು ಕೇಳಿದ್ದೂ ಅವತ್ತೇ ಮೊದಲು.

ಮದುವೆಯಲ್ಲಿ ಒಡಪು ಕಟ್ಟಿ ಪದ್ಯದಲ್ಲಿ ಹೆಸರು ಹೇಳಿದ್ದು ಬಿಟ್ಟರೆ, ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ ಆಕೆ. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು...

"ಫಕ್ಕೀರಪ್ಪ."

ಮರುದಿನ ಬೆಳಿಗ್ಗೆ ಗ್ರೂಪಿಗೂ ಅದೇ ಫೋಟೋ ಬಂತು. ಶುಭೋದಯ ಇರಲಿಲ್ಲ. ಹೆಸರು ಮಾತ್ರ ಇತ್ತು.

ಅಡ್ಡ ಬಂದರೆಂದು ನಾವು ಪಕ್ಕಕ್ಕೆ ಸರಿಸಿದವರು, ಯಾರದೋ ಮನೆಯ ಗೋಡೆಯ ಮೇಲೆ ನಗುತ್ತಿರಬೇಕಾದವರು.

ನಿಮ್ಮ ಫೋನಿನ ಗ್ಯಾಲರಿ ಒಮ್ಮೆ ತೆರೆದು ನೋಡಿ... ದಿನಾ ನಿಮ್ಮ ಎದುರಿಗೆ ನಿಲ್ಲುವವರು ಅದರಲ್ಲಿ ಎಲ್ಲಿದ್ದಾರೆ?