ತೂಬಿಗೆ ಕೇಳಬಾರದ ಮಾತು

ಕಾಲುವೆಯ ತೂಬುಗಳಿಗೆ ಕಿವಿ ಬಂದ ಮೇಲೆ ನಮ್ಮೂರಿನಲ್ಲಿ ಯಾರೂ ‘ಸಾಕು’ ಎನ್ನುವುದಿಲ್ಲ. ಯಾರ ಮನೆಯಲ್ಲಿ ಆ ಮಾತು ಕೇಳಿತೋ ಅವರ ಹೊಲದ ತೂಬು ಮುಚ್ಚಿಕೊಳ್ಳುತ್ತದೆ; ಮತ್ತೆ ತೆರೆಯುವುದು ಮುಂದಿನ ವರ್ಷವೇ. ಉಣ್ಣುವಾಗ ಬೇಡವಾದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇವೆ.

ಅಂದು ಮಗಳನ್ನು ನೋಡಲು ಗಂಡಿನ ತಂದೆ ಅಮರಪ್ಪನವರು ಬಂದಿದ್ದರು. ಅವರದು ಬಾವಿ ನೀರಿನ ಊರು. ನಮ್ಮ ಭತ್ತಕ್ಕೆ ಆಗಷ್ಟೇ ಹಾಲು ತುಂಬುತ್ತಿತ್ತು. ಈಗ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳು. ಬಾಗಿಲಲ್ಲೇ ಅವರಿಗೆ ಎಲ್ಲ ತಿಳಿಸಿ ಹೇಳಿದ್ದೆ. ಆದರೂ ಹೋಳಿಗೆ ಬಡಿಸುವಾಗ ಅವರ ಬಾಯನ್ನೇ ನೋಡುತ್ತಿದ್ದೆ.

“ಇನ್ನೊಂದು ಹಾಕ್ಲೇನ್ರಿ?”

ಅವರು ತುಟಿ ಬಿಗಿಹಿಡಿದು ಕೈ ಅಡ್ಡ ತಂದರು. ನನಗೆ ಹೋದ ಜೀವ ಬಂದಂತಾಯಿತು.

ಊಟವಾಗಿ ಎಲೆ ಅಡಿಕೆಗೆ ಕೂತಾಗ ನನ್ನ ಗಂಡ ಅಂಜುತ್ತಲೇ ಕೇಳಿದರು: “ಹುಡುಗಿ ಮನಸಿಗೆ ಬಂದ್ಳೇನ್ರಿ? ನಿಮ್ದೇನರ ಬೇಡಿಕಿ ಇದ್ರ ಹೇಳ್ರಿ.”

ಅಮರಪ್ಪನವರ ಮುಖ ಅರಳಿತು.

“ಏನೂ ಬ್ಯಾಡ್ರಿ ಗೌಡ್ರ. ನಿಮ್ಮ ಮಗಳೊಬ್ಬಾಕಿ ನಮ್ಮನಿಗೆ ಬಂದ್ರ ಸಾಕು.”

ಅವರು ಇನ್ನೂ ನಗುತ್ತಲೇ ಇದ್ದರು. ಹಿತ್ತಲಾಚೆ ನೀರಿನ ಸದ್ದು ಸಣ್ಣಗಾಗುತ್ತ ಬಂದು, ನಿಂತುಹೋಯಿತು.